ಸಿಮೆಂಟು ತುಂಬಿದ ಮಳೆಮರ

ಮರ ಹತ್ತುವವರು ಬೇರೆ, ಕೆಳಗೆ ನಿಂತು ಹಗ್ಗ ಹಿಡಿಯುವವರು ಬೇರೆ. ನಾನು ಹಗ್ಗ ಹಿಡಿಯುವವಳು. ಮೇಲೆ ಕೊಂಬೆ ಕೊಯ್ದಾಗ ಅದು ಧೊಪ್ಪನೆ ಬಿದ್ದು ಗೋಡೆಯನ್ನೋ ಕಾರನ್ನೋ ಮುರಿಯಬಾರದು. ಅದಕ್ಕೆ ಕೊಯ್ಯುವ ಮೊದಲೇ ಹಗ್ಗ ಕಟ್ಟಿ, ಮೇಲಿನ ಒಂದು ಕವಲಿನಿಂದ ಹಾಯಿಸಿ, ಈ ತುದಿಯನ್ನು ಪಕ್ಕದ ಗಟ್ಟಿ ಮರದ ಬುಡಕ್ಕೆ ಮೂರು ಸುತ್ತು ಸುತ್ತಿ ಹಿಡಿದಿರುತ್ತೇನೆ. ಕೊಂಬೆ ಕಳಚಿಕೊಂಡ ಕೂಡಲೇ ಭಾರವೆಲ್ಲ ಹಗ್ಗಕ್ಕೆ ಬರುತ್ತದೆ. ಆಮೇಲೆ ಅಷ್ಟಷ್ಟೇ ಸಡಿಲ ಕೊಟ್ಟು ಇಳಿಸುವುದು. ತೋಳಿನ ಶಕ್ತಿ ಬೇಕಿಲ್ಲ. ಸುತ್ತು ಸರಿಯಾಗಿದ್ದರೆ ಎಮ್ಮೆಯಷ್ಟು ಭಾರವನ್ನು ನನ್ನಂಥ ಮುದುಕಿ ತಡೆಯಬಹುದು. ಸುತ್ತು ತಪ್ಪಿದರೆ ಪೈಲ್ವಾನನ ಅಂಗೈಯೂ ಸುಲಿದು ಹೋಗುತ್ತದೆ.

ಮೊದಲು ನನ್ನ ಯಜಮಾನರಿಗೆ ಹಿಡಿಯುತ್ತಿದ್ದೆ. ಅವರು ತೀರಿಕೊಂಡ ಮೇಲೆ ನಮ್ಮ ಹಿಂದಿನ ರೂಮಿನಲ್ಲಿ ಬಾಡಿಗೆಗಿರುವ ಯಾದಗಿರಿ ಕಡೆಯವನಿಗೆ ಹಿಡಿಯುತ್ತಿದ್ದೇನೆ. ನಲವತ್ತರ ಹತ್ತಿರದ ಗಂಡಸು, ಇಬ್ಬರು ಮಕ್ಕಳ ತಂದೆ. ಮರ ಹತ್ತುವುದನ್ನು ಅವನಿಗೆ ಕಲಿಸಿದ್ದು ನನ್ನ ಯಜಮಾನರೇ. ನನ್ನನ್ನು ಅವ್ವ ಅನ್ನುತ್ತಾನೆ. ಮೇಲೆ ಹೋದರೆ ಮಾತ್ರ ಯಾರ ಮಾತೂ ಕೇಳುವುದಿಲ್ಲ.

ಈ ಬೇಸಿಗೆಯ ಮೊದಲ ಗಾಳಿಮಳೆ ಬಂದ ಮಾರನೆಯ ದಿನ ನಡೆದದ್ದು ಇದು. ಬೆಳಿಗ್ಗೆ ಐದೂವರೆಗೆ ಕೆ.ಆರ್. ಪುರದ ನಮ್ಮ ಮನೆಯಲ್ಲಿ ಒಲೆಗೆ ನೀರಿಟ್ಟಿದ್ದೆ, ಫೋನು ಶುರುವಾಯಿತು. ಹಲಸೂರು ಕೆರೆಯ ಪಕ್ಕದಲ್ಲಿ ಗುಲ್‌ಮೊಹರ್ ಕೊಂಬೆ ರಸ್ತೆಗೆ ಅಡ್ಡ ಬಿದ್ದಿದೆ. ಜೀವನ್ ಬಿಮಾ ನಗರದಲ್ಲಿ ಒಬ್ಬರ ತಾರಸಿಯ ನೀರಿನ ಟ್ಯಾಂಕಿನ ಮೇಲೆ ಆಕಾಶಮಲ್ಲಿಗೆ ಮರ ಒರಗಿದೆ. ಮೂರನೆಯ ಫೋನು ರಿಚರ್ಡ್ಸ್ ಟೌನಿನ ಇಸ್ತ್ರಿಯವಳದು.

ಅಲ್ಲಿ ಒಂದು ಹಳೆಯ ಬಂಗಲೆ ಇದೆ. ಅದರ ಕಾಂಪೌಂಡಿನ ಅಂಚಿನಲ್ಲಿ ಭಾರಿ ಮಳೆಮರ. ಅದರ ಅರ್ಧ ನೆರಳು ಮನೆಯ ಮೇಲೆ, ಅರ್ಧ ನೆರಳು ರಸ್ತೆಯ ಮೇಲೆ. ರಸ್ತೆಯ ಕಡೆಯ ನೆರಳಿನಲ್ಲಿ ಇಪ್ಪತ್ತು ವರ್ಷಗಳಿಂದ ಅವಳ ಇಸ್ತ್ರಿ ಗಾಡಿ ನಿಂತಿದೆ. ಗಂಡನಿಗೆ ಬೆನ್ನು ಹೋಗಿದೆ. ಮನೆ ನಡೆಯುವುದು ಆ ಗಾಡಿಯಿಂದ. ರಾತ್ರಿ ಮರದ ಒಂದು ದೊಡ್ಡ ಕೊಂಬೆ ಮುರಿದು ಬಿದ್ದಿದೆಯಂತೆ. ಯಾರಿಗೂ ಪೆಟ್ಟಾಗಿಲ್ಲ. ಆದರೆ ಬಂಗಲೆಯ ಯಜಮಾನರು ಹೆದರಿ ಮರವನ್ನೇ ತೆಗೆಸುತ್ತೇನೆ ಎಂದು ರಾತ್ರಿಯೇ ಫೋನಿನಲ್ಲಿ ಅರ್ಜಿ ಹಾಕಿದ್ದಾರೆ, ಮೂರು ಗಂಟೆಗೆ ಪಾಲಿಕೆಯ ಮರದ ಆಫೀಸರ್ ನೋಡಲು ಬರುತ್ತಾರೆ ಎಂದಳು.

"ಮರ ಹೋದ್ರೆ ಆ ಜಾಗಕ್ಕೆ ಇನ್ನೊಂದ್ ಗೇಟ್ ಹಾಕ್ತಾರೆ ಅಕ್ಕಾ. ಬೀದಿಯಲ್ಲಿ ಇನ್ನೆಲ್ಲೂ ನೆರಳಿಲ್ಲ. ಕೆಂಡದ್ ಪೆಟ್ಟಿಗೆ ಹಿಡ್ಕೊಂಡು ಬಿಸಿಲಲ್ಲಿ ನಿಲ್ಲಕ್ಕಾಗತ್ತಾ? ನೀವ್ ಬಂದು ಒಂದ್ ಮಾತ್ ಹೇಳಿ."

ನಾನು ಹೇಳಿದರೆ ಯಾರು ಕೇಳುತ್ತಾರೆ ಎಂದೆ. ಆದರೂ ಬರುತ್ತೇನೆ ಎಂದೆ. ಮುರಿದ ಕೊಂಬೆಯ ಮೋಟನ್ನು ಸರಿಮಾಡಲು ಬಂಗಲೆಯವರೂ ನಮ್ಮನ್ನೇ ಕರೆದಿದ್ದರು.

ಲಗೇಜ್ ಆಟೋದಲ್ಲಿ ಹಗ್ಗ, ಗರಗಸ, ಏಣಿ ಹೇರಿಕೊಂಡು, ಡ್ರೈವರ್ ಮತ್ತು ಅವನ ಜೊತೆಯ ಹುಡುಗ ಸೇರಿ ನಾಲ್ವರು ಆರೂವರೆಗೆ ಹಲಸೂರಿನಲ್ಲಿದ್ದೆವು. ಬಿದ್ದ ಕೊಂಬೆ ನಿಂತ ಕೊಂಬೆಗಿಂತ ಮೋಸದ್ದು. ಕೆಳಗಿನ ರೆಂಬೆಗಳು ಬಿಲ್ಲಿನಂತೆ ಬಾಗಿ ನೆಲಕ್ಕೆ ಒತ್ತಿಕೊಂಡಿರುತ್ತವೆ. ತಪ್ಪು ಕಡೆ ಕೊಯ್ದರೆ ಎದ್ದು ಮುಖಕ್ಕೆ ಹೊಡೆಯುತ್ತವೆ. ಆಫೀಸಿಗೆ ಹೊರಟವರು ಎರಡೂ ಕಡೆ ನಿಂತು ಹಾರ್ನ್ ಹೊಡೆಯುತ್ತಿದ್ದರು. ನಾವು ನಮ್ಮ ಪಾಡಿಗೆ ತುದಿಯಿಂದ ಸವರುತ್ತಾ ಬಂದೆವು. ಒಂಬತ್ತಕ್ಕೆ ರಸ್ತೆ ಬಿಟ್ಟುಕೊಟ್ಟೆವು.

ಜೀವನ್ ಬಿಮಾ ನಗರದಲ್ಲಿ ಹೊತ್ತು ಹೆಚ್ಚಾಯಿತು. ಆಕಾಶಮಲ್ಲಿಗೆ ಬೆಂಡಿನಂಥ ಮರ, ಅದರ ಮೇಲೆ ಕಾಲಿಡಲು ಆಗುವುದಿಲ್ಲ. ಪಕ್ಕದ ಮನೆಯ ತಾರಸಿಯಿಂದ ಹಗ್ಗ ಹಾಕಿ ಚೂರು ಚೂರಾಗಿ ಇಳಿಸಬೇಕಾಯಿತು. ಮನೆಯಾಕೆ ನನಗೆ ಕಾಫಿ ಕೊಟ್ಟು, ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ ಎಂದು ಕೇಳಿದರು. ಕೂತರೆ ಮಂಡಿ ಹಿಡಿದುಕೊಳ್ಳುತ್ತದೆ ಎಂದೆ. ನಿಜವೇ ಅದು. ಕಲ್ಯಾಣ ನಗರದಿಂದಲೂ ಒಂದು ಕರೆ ಬಂತು, ನಾಳೆ ಎಂದು ಹೇಳಿಬಿಟ್ಟೆ. ನನ್ನ ತಲೆಯಲ್ಲಿ ಮೂರು ಗಂಟೆ ಕೂತಿತ್ತು.

ರಿಚರ್ಡ್ಸ್ ಟೌನ್ ಮುಟ್ಟಿದಾಗ ಎರಡಾಗಿತ್ತು. ಇಸ್ತ್ರಿಯವಳು ಕೆಲಸ ನಿಲ್ಲಿಸಿರಲಿಲ್ಲ. ಗಾಡಿಯ ಪಕ್ಕದಲ್ಲೇ ಕೂತು ಬುತ್ತಿ ಬಿಚ್ಚಿದೆವು. ನಾನು ಅನ್ನ ಕಲಸುತ್ತಾ ಮರವನ್ನು ನೋಡುತ್ತಿದ್ದೆ. ನಾಲ್ಕು ಜನ ಕೈ ಕೈ ಹಿಡಿದು ತಬ್ಬಬೇಕಾದ ಬುಡ. ನನ್ನ ಎದೆಮಟ್ಟದಲ್ಲಿ, ರಸ್ತೆಯ ಕಡೆಗೆ, ತೊಗಟೆ ತುಟಿ ಮುಚ್ಚಿದ ಹಾಗೆ ಕೂಡಿಕೊಂಡ ಒಂದು ಉದ್ದನೆಯ ಗೆರೆ. ತಿಳಿಯದವರಿಗೆ ಅದೊಂದು ಸುಕ್ಕು, ಅಷ್ಟೇ. ನನಗೆ ಅದೇನೆಂದು ಗೊತ್ತಿತ್ತು.

ಬಂಗಲೆಯ ಯಜಮಾನರು ಹೊರಗೆ ಬಂದರು. ರಿಟೈರ್ ಆದವರು, ಕೆಟ್ಟವರಲ್ಲ. ತಂದೆ ಕಾಲದ ಮರವನ್ನು ಕಡಿಸಲು ತನಗೂ ಮನಸ್ಸಿಲ್ಲ ಎಂದರು. "ಆದ್ರೆ ನಾಳೆ ಯಾರ ತಲೆ ಮೇಲಾದ್ರೂ ಬಿದ್ರೆ ಪೊಲೀಸ್‌ನವ್ರು ಮರಾನ ಕರ್ಕೊಂಡ್ ಹೋಗಲ್ಲ. ನನ್ನ ಕರ್ಕೊಂಡ್ ಹೋಗ್ತಾರೆ."

ಮೂರೂಕಾಲಿಗೆ ಆಫೀಸರ್ ಬಂದರು. ಮೂವತ್ತರ ಒಳಗಿನ ಹೆಣ್ಣುಮಗಳು, ಶೂ ತುಂಬ ಕೆಸರು. ಬೆಳಗಿನಿಂದ ಊರೆಲ್ಲ ಬಿದ್ದ ಮರ ನೋಡಿ ಬಂದಿದ್ದರು. ಮರವನ್ನು ಸುತ್ತಿ ಬಂದು, ಚೀಲದಿಂದ ಮರದ ಕೊಡತಿ ತೆಗೆದು ಬುಡವನ್ನು ಬಡಿಯುತ್ತಾ ಕಿವಿ ಕೊಟ್ಟರು. ಒಳಗೆ ಪೊಳ್ಳಿದ್ದರೆ ಮರ ಡೋಲಿನಂತೆ ಸದ್ದು ಕೊಡುತ್ತದೆ. ಇದು ಎಲ್ಲಿ ಬಡಿದರೂ ಠಕ್ ಠಕ್ ಅಂದಿತು. ನಮ್ಮ ಯಾದಗಿರಿಯವನೂ ತನ್ನ ಕೊಡಲಿ ಕಾವಿನಿಂದ ಬಡಿದು, "ಬುಡ ಕಲ್ಲಿದ್ದಂಗ ಐತ್ರೀ ಮೇಡಂ" ಎಂದ.

ಆಫೀಸರ್ ಬಂಗಲೆಯವರಿಗೆ ಹೇಳಿದರು: ಬುಡ ಗಟ್ಟಿಯಿದೆ, ಮುರಿದ ಜಾಗ ಸರಿಮಾಡಿಸಿದರೆ ಸಾಕು, ಇಂಥ ಮರ ತೆಗೆಯಲು ಒಪ್ಪಿಗೆ ಕೊಡುವುದಿಲ್ಲ. ಇಸ್ತ್ರಿಯವಳು ಗಾಡಿಯ ಅಂಚು ಹಿಡಿದು ನಿಂತಿದ್ದಳು. ಅವಳ ಭುಜ ಕೆಳಗಿಳಿದದ್ದು ನನಗೆ ಕಾಣಿಸಿತು. ನನ್ನ ಕಡೆ ನೋಡಿ ನಕ್ಕಳು.

ಅಲ್ಲಿಗೆ ಸುಮ್ಮನಿದ್ದರೆ ಆಗಿಹೋಗುತ್ತಿತ್ತು.

ಆ ಗೆರೆಯ ಹಿಂದೆ ಇದ್ದದ್ದು ಮರವಲ್ಲ. ಮೂವತ್ತು ವರ್ಷಗಳ ಹಿಂದೆ ಅಲ್ಲಿ ತಲೆ ತೂರುವಷ್ಟು ದೊಡ್ಡ ಪೊಟರೆ ಇತ್ತು. ಈಗಿನ ಯಜಮಾನರು ಆಗ ಬೇರೆ ಊರಿನಲ್ಲಿ ಕೆಲಸದಲ್ಲಿದ್ದರು. ಅವರ ತಂದೆ ನಮ್ಮನ್ನು ಕರೆಸಿ ಮರವನ್ನು ಉಳಿಸಿಕೊಡಿ ಎಂದರು. ಆಗ ಕಂಟೋನ್ಮೆಂಟಿನ ಬಂಗಲೆಗಳಲ್ಲೆಲ್ಲ ಮರದ ಪೊಟರೆಗೆ ಸಿಮೆಂಟು ತುಂಬುವುದು ನಡೆದಿತ್ತು. ಹಲ್ಲಿನ ಡಾಕ್ಟರ ಕೆಲಸ ನೋಡಿ ಯಾರಿಗೋ ಹೊಳೆದಿರಬೇಕು. ನನ್ನ ಯಜಮಾನರು ಒಳಗಿನ ಕೊಳೆತದ್ದನ್ನು ಕೆರೆದು ತೆಗೆದರು. ನಾನು ಇಟ್ಟಿಗೆ ಚೂರು, ಮರಳು, ಸಿಮೆಂಟು ಕಲಸಿ ಬಾಂಡಲಿಯಲ್ಲಿ ಹೊತ್ತು ತಂದುಕೊಟ್ಟೆ. ಮೇಲೆ ನುಣ್ಣಗೆ ಕರಣೆ ಆಡಿಸಿ ಟಾರು ಬಳಿದರು. ಕೆಲಸ ನೋಡಿ ಆ ಹಿರಿಯರು ಮೆಚ್ಚಿಕೊಂಡರು. ಆಮೇಲೆ ಮರ ತನ್ನ ತೊಗಟೆ ಬೆಳೆಸಿ ಎಲ್ಲವನ್ನೂ ನುಂಗಿ ಹಾಕಿತು.

ಅದು ತಪ್ಪು ಎಂದು ನಮಗೆ ತಿಳಿದದ್ದು ತುಂಬ ತಡವಾಗಿ. ಮರ ಗಾಳಿಗೆ ಆಡುತ್ತದೆ, ಸಿಮೆಂಟು ಆಡುವುದಿಲ್ಲ. ನಡುವೆ ಬಿರುಕು ಬಿಟ್ಟು ನೀರು ನಿಂತು ಇನ್ನಷ್ಟು ಕೊಳೆಯುತ್ತದೆ. ನಾವೇ ತುಂಬಿದ್ದ ಇನ್ನೊಂದು ಮರ ಶಿವಾಜಿನಗರದ ಹತ್ತಿರ ಬಿದ್ದಾಗ ಒಳಗೆ ಸಿಮೆಂಟಿನ ಮುದ್ದೆ ಹಾಗೇ ಇತ್ತು, ಸುತ್ತ ಮರ ಪುಡಿಯಾಗಿತ್ತು. ನನ್ನ ಯಜಮಾನರು ಅದನ್ನು ನೋಡಿ ಫುಟ್‌ಪಾತಿನ ಮೇಲೆ ಕೂತು ಎರಡು ಬೀಡಿ ಸೇದಿದರು. ಆಮೇಲೆ ಯಾರು ಕೇಳಿದರೂ ಸಿಮೆಂಟು ಮುಟ್ಟಲಿಲ್ಲ.

ಈಗ ರಿಚರ್ಡ್ಸ್ ಟೌನಿನ ಮರದ ಸಂಗತಿ ಗೊತ್ತಿದ್ದವರಲ್ಲಿ ಬದುಕಿರುವವಳು ನಾನೊಬ್ಬಳೇ. ಠಕ್ ಎಂದು ಸದ್ದು ಕೊಟ್ಟದ್ದು ನಾನು ಹೊತ್ತ ಸಿಮೆಂಟು. ಹೇಳಿದರೆ ಪೊಳ್ಳು ಮರ ಎಂದು ಬರೆದು ಕಡಿಸಬಹುದು, ಇವಳ ಗಾಡಿ ಹೋಗುತ್ತದೆ. ಹೇಳದಿದ್ದರೆ ಮುಂದಿನ ಗಾಳಿಗೆ ಮರ ಬೀಳಬಹುದು, ಬಿದ್ದರೆ ಮೊದಲು ಸಿಗುವವಳು ಇವಳೇ. ಇದರಲ್ಲಿ ಯೋಚನೆ ಮಾಡುವಂಥದ್ದು ಏನೂ ಇಲ್ಲ ಎಂದು ಈಗ ಅನ್ನಿಸುತ್ತದೆ. ಆಗ ಮಾತ್ರ ಅವಳ ಗಾಡಿಯನ್ನೂ ಆ ಗೆರೆಯನ್ನೂ ಎರಡೆರಡು ಸಲ ನೋಡಿದೆ.

"ಮೇಡಂ, ಅದು ಮರ ಅಲ್ಲ. ಒಳಗಡೆ ಸಿಮೆಂಟಿದೆ. ನಾವೇ ತುಂಬಿದ್ದು," ಎಂದೆ.

ಎಲ್ಲರೂ ನನ್ನ ಕಡೆ ತಿರುಗಿದರು. ಇಸ್ತ್ರಿಯವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಹತ್ತಿರ ಬಂದು ಮೆಲ್ಲಗೆ ಹೇಳಿದಳು:

"ಏನಕ್ಕಾ ನೀವು. ನಾನ್ ಕರ್ಸಿದ್ದು ಮರ ಉಳಿಸಕ್ಕೆ. ಅವ್ರೇ ಗಟ್ಟಿಯಿದೆ ಅಂದ್ರಲ್ಲ, ಬಾಯ್ ಮುಚ್ಕೊಂಡ್ ಇರಕ್ಕಾಗ್ಲಿಲ್ವಾ?"

"ನೀನು ಅದರ ಕೆಳಗೇ ನಿಲ್ಲೋದು ಕಣಮ್ಮ," ಎಂದೆ.

"ಇಪ್ಪತ್ ವರ್ಷ ನಿಂತೆ. ಬಿತ್ತಾ?"

ಅವಳು ಗಾಡಿಗೆ ಹೋಗಿ ಯಾರದೋ ಪ್ಯಾಂಟನ್ನು ಹಲಗೆಗೆ ಅದುಮಿ ಇಸ್ತ್ರಿ ಮಾಡತೊಡಗಿದಳು.

ಆಫೀಸರ್ ಬಯ್ಯಲಿಲ್ಲ. ಪೊಟರೆ ಎಷ್ಟು ಉದ್ದ ಇತ್ತು, ಎಷ್ಟು ಆಳ, ನೆಲದಿಂದ ಎಷ್ಟು ಎತ್ತರ ಎಂದು ಕೇಳಿದರು. ನಾನು ಕೈಯಲ್ಲಿ ಅಳತೆ ತೋರಿಸಿದೆ. ಆಮೇಲೆ ಅವರು ಬ್ಯಾಟರಿ ಡ್ರಿಲ್ಲಿಗೆ ಮೊಳದುದ್ದದ ಸಣ್ಣ ಬೈರಿಗೆ ಹಾಕಿದರು. ಸಿಮೆಂಟನ್ನು ಒಡೆದು ತೆಗೆದರೆ ಮರಕ್ಕೆ ಇನ್ನೂ ಕೆಡುಕಂತೆ. ಅದರ ಸುತ್ತ ಗಟ್ಟಿ ಮರ ಎಷ್ಟು ದಪ್ಪ ಉಳಿದಿದೆ ಎಂದು ನೋಡಿದರೆ ಸಾಕಂತೆ. ಬೈರಿಗೆಯ ಕೆಳಗೆ ಅಂಗೈ ಹಿಡಿಯಲು ನನಗೆ ಹೇಳಿದರು. ಹೊಟ್ಟು ಬೆಳ್ಳಗೆ ತೇವವಾಗಿ ಬರುವವರೆಗೂ ಮರ ಗಟ್ಟಿ. ಕಾಫಿಪುಡಿಯಂತೆ ಕಂದಾದರೆ ಕೊಳೆತದ್ದು. ಬೂದು ಬಣ್ಣ ಬಂದರೆ ನಮ್ಮ ಸಿಮೆಂಟು.

ಮೊದಲು ಮನೆಯ ಕಡೆ. ಬೆಳ್ಳಗೆ ಬಂತು, ಬರುತ್ತಲೇ ಇತ್ತು. ಒಂದು ಗೇಣಿನ ಮೇಲೂ ಬೆಳ್ಳಗೆ. ಎರಡೂ ಬದಿಗಳಲ್ಲಿ ಗೇಣಿಗೆ ಕಡಿಮೆಯಿಲ್ಲ. ಆಫೀಸರ್ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾ ಬಂದರು. ಮರ ಮೂವತ್ತು ವರ್ಷ ಸುಮ್ಮನೆ ಕೂತಿಲ್ಲ, ಸಿಮೆಂಟಿನ ಸುತ್ತ ಹೊಸ ಗೋಡೆ ಕಟ್ಟಿಕೊಂಡಿದೆ ಎಂದರು. ಆಮೇಲೆ ರಸ್ತೆಯ ಕಡೆ ಬಂದೆವು. ಆರು ಬೆರಳು. ಇನ್ನೊಂದು ತೂತು, ಐದು. ಗೆರೆಯ ಪಕ್ಕದಲ್ಲಿ ಮೂರೇ ಬೆರಳಿಗೆ ನನ್ನ ಅಂಗೈಗೆ ಕಾಫಿಪುಡಿ ಬಿತ್ತು. ಇಸ್ತ್ರಿಯವಳ ಕೈ ನಿಂತಿತ್ತು. ಪೆಟ್ಟಿಗೆಯನ್ನು ಬಟ್ಟೆಯಿಂದ ಎತ್ತಿ ಹಿಡಿದುಕೊಂಡೇ ನೋಡುತ್ತಿದ್ದಳು.

ಆಫೀಸರ್ ಫೋನಿನಲ್ಲಿ ಏನೋ ಲೆಕ್ಕ ಹಾಕಿದರು. ಮರವನ್ನು ಇನ್ನೊಮ್ಮೆ ಸುತ್ತಿದರು. ಆಮೇಲೆ ಬಂಗಲೆಯವರಿಗೆ ಹೇಳಿದರು.

"ಸಾರ್, ಮೂರು ಕಡೆ ಚೆನ್ನಾಗಿದೆ, ರೋಡ್ ಕಡೆ ತೆಳು. ರೋಡಿಗೆ ಚಾಚಿರೋ ಆ ದೊಡ್ಡ ಕೊಂಬೆ ಅರ್ಧಕ್ಕೆ ಇಳಿಸಿದ್ರೆ ಭಾರ ಹಿಂದಕ್ಕೆ ಬರುತ್ತೆ, ಮರ ನಿಲ್ಲುತ್ತೆ. ವರ್ಷಕ್ಕೊಂದ್ಸಲ ನಾನು ಚೆಕ್ ಮಾಡ್ತೀನಿ. ಆದ್ರೆ ಆ ಕೊಂಬೆ ಇವತ್ತೇ ಇಳೀಬೇಕು. ನಾಳೆ ಮತ್ತೆ ಗಾಳಿ ಇದೆ."

ಯಾದಗಿರಿಯವನು ಮೇಲೆ ನೋಡಿ, ಬೆಳಕು ಹೋಗೋದರೊಳಗ ಆಗ್ತದ್ರಿ ಎಂದ. ಬಂಗಲೆಯವರು ತಲೆಯಾಡಿಸಿದರು. ಇಷ್ಟು ಬರೆದು ಸಹಿ ಮಾಡಿಕೊಟ್ಟರೆ ಅರ್ಜಿ ವಾಪಸ್ ತೆಗೆದುಕೊಳ್ಳುತ್ತೇನೆ ಎಂದರು.

ಆದರೆ ಇಳಿಯಬೇಕಾದ ಕೊಂಬೆಯೇ ಇಸ್ತ್ರಿಯವಳ ನೆರಳು. ಅದು ಅವಳಿಗೂ ಹೊಳೆದಿತ್ತು. "ಮರ ಉಳೀತು, ನನ್ ಬಿಸಿಲಿಗ್ ಹಾಕಿದ್ರು" ಎಂದು ಯಾರಿಗೂ ಅಲ್ಲದ ಹಾಗೆ ಹೇಳಿಕೊಂಡಳು. ನಾನು ಕಾಂಪೌಂಡಿನ ಒಳಗೆ ನೋಡಿದೆ. ಮನೆಯ ಕಡೆಯ ಕೊಂಬೆಯ ಕೆಳಗೆ, ಗೇಟಿನ ಪಕ್ಕದಲ್ಲಿ, ಕವರ್ ಹೊದ್ದುಕೊಂಡು ಕಾರು ನಿಂತಿತ್ತು. ಸಿಮೆಂಟಿನ ಸಂಗತಿ ಬಾಯಿಬಿಟ್ಟ ಮೇಲೆ ಇದನ್ನು ಬಿಡುವುದೇನು ಎಂದುಕೊಂಡು ಬಂಗಲೆಯವರ ಹತ್ತಿರ ಹೋದೆ.

"ಸ್ವಾಮಿ, ಕಾರು ಆ ಕಡೆ ನಿಲ್ಲಿಸ್ಕೊಳಿ. ಅದಕ್ಕೆ ಕವರ್ ಇದೆ. ಇವಳ ಗಾಡಿ ಈ ಜಾಗಕ್ಕೆ ಬರ್ಲಿ."

"ಕಾಂಪೌಂಡ್ ಒಳಗಾ?"

"ಒಳಗೇ. ನಿಮ್ ಬಟ್ಟೆ ಅವಳ ಕೈಯಿಂದ ದಿನಾ ಒಳಗೇ ಬರ್ತಾವಲ್ಲ."

ಅವರಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು. ಒಳಗೆ ಹೋಗಿ ಹೆಂಡತಿಯನ್ನು ಕೇಳಿಕೊಂಡು ಬಂದರು. ಕೆಂಡದ ಬೂದಿಯನ್ನು ಬಕೀಟಿಗೇ ಹಾಕಬೇಕು, ಗೇಟು ಎಂಟು ಗಂಟೆಗೆ ಮುಚ್ಚುತ್ತೇವೆ ಎಂದರು. ಇಸ್ತ್ರಿಯವಳು ಆಗಲಿ ಎಂದಳು. ನನ್ನ ಕಡೆ ಮಾತ್ರ ನೋಡಲಿಲ್ಲ.

ನಾನು ಹೇಳಿದ್ದನ್ನು ಬರೆದು ಕೊಡಬೇಕು ಎಂದು ಆಫೀಸರ್ ಕಾಗದ ಕೊಟ್ಟರು. ತಾವೇ ಬರೆಯುವುದಾಗಿ ಹೇಳಿದರು, ನಾನು ಬೇಡ ಎಂದೆ. ನಾವು ಮಾಡಿದ ಕೆಲಸ, ನನ್ನ ಕೈಯಲ್ಲೇ ಇರಲಿ. ಮೂರನೇ ಕ್ಲಾಸಿನ ಅಕ್ಷರ, ಒತ್ತು ಕೊಡುವಲ್ಲಿ ಕೈ ನಿಲ್ಲುತ್ತದೆ. ಯಾದಗಿರಿಯವನು ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಕಾದು ಕಾದು, "ಅವ್ವಾ, ಆರು ಸಾಲು ಮುಗಿಯೋದ್ರೊಳಗ ಮರ ಇನ್ನಾ ಎರಡು ಬೆರಳು ದಪ್ಪ ಆಗ್ತದ ನೋಡು" ಎಂದ. ಬರೆದು ಮುಗಿಸಿದ ಮೇಲೆ ಆಫೀಸರ್, ಇನ್ನೂ ಎಷ್ಟು ಮರಕ್ಕೆ ಹೀಗೆ ತುಂಬಿದ್ದೀರಿ ಎಂದು ಕೇಳಿದರು. ಬಿದ್ದುಹೋದವನ್ನು ಬಿಟ್ಟು ಒಂಬತ್ತು ನೆನಪಿಗೆ ಬಂದವು. ಸೋಮವಾರ ಜೀಪ್ ಕಳಿಸುತ್ತೇನೆ, ಒಂದೊಂದನ್ನೇ ತೋರಿಸಿ ಎಂದರು. ಬೈರಿಗೆಯ ತೂತುಗಳಿಗೆ ಏನು ತುಂಬಲಿ ಎಂದು ಕೇಳಿದೆ. "ಏನೂ ತುಂಬ್ಬೇಡಿ ಅಮ್ಮ. ದಯವಿಟ್ಟು ಏನೂ ತುಂಬ್ಬೇಡಿ" ಎಂದರು.

ನಾಲ್ಕೂವರೆಗೆ ಅವನು ಹತ್ತಿದ. ಹಗ್ಗವನ್ನು ಮನೆಯ ಕಡೆಯ ದಪ್ಪ ಕವಲಿನಿಂದಲೇ ಹಾಯಿಸಬೇಕು, ತೆಳುವಾದ ಕಡೆಗೆ ಒಂದು ಎಳೆ ಭಾರವೂ ಬೀಳಬಾರದು ಎಂದಿದ್ದೆ. ಆ ದಿನ ಒಮ್ಮೆ ಮಾತು ಕೇಳಿದ. ಕಾಂಪೌಂಡಿನ ಮೂಲೆಯ ಸಿಲ್ವರ್ ಓಕ್ ಬುಡಕ್ಕೆ ನಾನು ಹಗ್ಗದ ಸುತ್ತು ಹಾಕಿದೆ. ಆಟೋದ ಇಬ್ಬರು ಇಸ್ತ್ರಿಯವಳನ್ನು ಗಾಡಿಯಿಂದ ದೂರ ಕಳಿಸಿ ರಸ್ತೆಗೆ ಅಡ್ಡ ನಿಂತರು. ತುದಿಯಿಂದ ತುಂಡು ತುಂಡಾಗಿ ಬಂತು. ಕೊಯ್ಯುವ ಮುಂಚೆ ಅವನು ಹಗ್ಗ ಎರಡು ಸಲ ಜಗ್ಗುತ್ತಾನೆ, ಸಿದ್ಧ ಎಂದು ನಾನು ಒಂದು ಸಲ ಜಗ್ಗುತ್ತೇನೆ. ಕೂಗಾಟವಿಲ್ಲ. ನಡುವೆ ಒಂದು ತುಂಡು ಗಿರ್ರನೆ ತಿರುಗಿ ಕರೆಂಟು ತಂತಿಯ ಕಡೆ ಹೋಯಿತು. ನಾನು ಇನ್ನೊಂದು ಸುತ್ತು ಹಾಕಿ ಬಿಗಿ ಹಿಡಿದೆ. ಅದು ಗಾಳಿಯಲ್ಲಿ ನಿಂತು, ತಿರುಗಿ, ಹಿಂದಕ್ಕೆ ಬಂತು. ಓಲಾಟ ನಿಲ್ಲುವವರೆಗೂ ಅದನ್ನು ಅಲ್ಲೇ ನೇತುಹಾಕಿದ್ದೆ.

ರಾತ್ರಿ ಮುರಿದ ಕೊಂಬೆಯ ಮೋಟನ್ನೂ ಅವನು ಸವರಿದ. ಕೊನೆಯ ತುಂಡು ನೆಲ ಮುಟ್ಟಿದಾಗ ಆರೂವರೆ. ಮಳೆಮರ ಸಂಜೆಗೆ ಎಲೆ ಮಡಚಿಕೊಳ್ಳುತ್ತದೆ. ಇಳಿಸಿದ ಕೊಂಬೆಗಳ ಎಲೆಗಳೂ ಮೇಲಿನವುಗಳ ಜೊತೆಗೇ ಮಡಚಿಕೊಂಡಿದ್ದವು. ರಸ್ತೆಯ ಮೇಲೆ ಆಕಾಶ ದೊಡ್ಡದಾಗಿ ಕಾಣುತ್ತಿತ್ತು. ಮರ ಸ್ವಲ್ಪ ಮೊಂಡಾಗಿ, ಆದರೆ ನೆಟ್ಟಗೆ ನಿಂತಿತ್ತು.

ಉಳಿದದ್ದು ಗಾಡಿ. ಇಪ್ಪತ್ತು ವರ್ಷ ಅಲುಗದ ಗಾಡಿಯ ಚಕ್ರಗಳು ಮಣ್ಣಿನಲ್ಲಿ ಅರ್ಧ ಹೂತಿದ್ದವು. ಐದು ಜನ ನೂಕಿದರೂ ಮಿಸುಕಲಿಲ್ಲ. ಯಾದಗಿರಿಯವನು, ಇದು ಮರಕ್ಕಿಂತ ಜಾಸ್ತಿ ಬೇರು ಬಿಟ್ಟೈತಿ ಎಂದ. ಸಲಾಕೆಯಿಂದ ಚಕ್ರದ ಸುತ್ತ ಅಗೆದು, ಹಗ್ಗ ಕಟ್ಟಿ, ಒಳಗಿನಿಂದ ಎಳೆದೆವು. ಬಂಗಲೆಯವರೂ ಕಾರನ್ನು ಆಚೆ ನಿಲ್ಲಿಸಿ ಬಂದು ಒಂದು ಕೈ ಹಾಕಿದರು. ಗಾಡಿ ಕಿರ್ರೆಂದು ಎದ್ದು ಗೇಟು ದಾಟಿತು.

ಇಸ್ತ್ರಿಯವಳು ಚಕ್ರದ ಕೆಳಗೆ ಇಟ್ಟಿಗೆ ಕೊಟ್ಟು ಸಮ ಮಾಡಿದಳು. ತಲೆಯೆತ್ತಿ ಮೇಲಿನ ಕೊಂಬೆಯನ್ನು ತುಂಬ ಹೊತ್ತು ನೋಡಿದಳು. ಪೂರ್ವದ ಕಡೆ ತೆರವಾಗಿದೆ, ಬೆಳಿಗ್ಗೆ ಹತ್ತರವರೆಗೆ ಬಿಸಿಲು ಬರುತ್ತದೆ, ಆಮೇಲೆ ಸಂಜೆಯವರೆಗೂ ನೆರಳು ಎಂದು ನಾನೇ ಹೇಳಿದೆ.

"ಹತ್ ಗಂಟೆವರ್ಗೂ ನಾನು ಮನೆ ಮನೆಗೆ ಬಟ್ಟೆ ತರಕ್ ಹೋಗಿರ್ತೀನಿ," ಎಂದಳು. ಕೂತು ಇಟ್ಟಿಗೆಯನ್ನು ಇನ್ನೊಮ್ಮೆ ಒತ್ತುತ್ತಾ, "ಈ ಕಡೆ ಒಂದ್ ಗೇಣು ಅಂದ್ರಲ್ಲ. ಸರಿಯಾಗ್ ನೋಡಿದ್ರಾ ಅಕ್ಕಾ?" ಎಂದು ಕೇಳಿದಳು.

"ಹೊಟ್ಟು ನನ್ ಅಂಗೈಗೇ ಬಿದ್ದಿದ್ದು. ಗೇಣಿನ ಮೇಲೆ."

ಅವಳು ಎದ್ದು ಹೋಗಿ ಬುಡದ ಮೇಲಿನ ಸೀಮೆಸುಣ್ಣದ ಗುರುತಿನ ಪಕ್ಕ ತನ್ನ ಗೇಣನ್ನು ಇಟ್ಟು ನೋಡಿದಳು. ಆಮೇಲೆ ಬಂದು ಬಟ್ಟೆಯ ಗಂಟು ಬಿಚ್ಚಿದಳು. ಗೇಟು ಮುಚ್ಚಲು ಇನ್ನೂ ಒಂದು ಗಂಟೆ ಇತ್ತು. ಆರು ಶರ್ಟುಗಳು ಬಾಕಿ ಇದ್ದವು, ಕೆಂಡವೂ ಇನ್ನೂ ಆರಿರಲಿಲ್ಲ.